ಪ್ಲೇಟು ತಿರುಗುತ್ತದೆ, ಹಾಡು ಸರಿ ಬರುತ್ತಿಲ್ಲ: ರೆಕಾರ್ಡ್ ಪ್ಲೇಯರ್ ಪ್ರಶ್ನೋತ್ತರ

ರೆಕಾರ್ಡ್ ಪ್ಲೇಯರ್ ಬಗ್ಗೆ ಪ್ರಶ್ನೆ ಕಳಿಸಿ ಅಂದಿದ್ದಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ "ಯಾವುದನ್ನು ಕೊಳ್ಳಲಿ" ಅಂತಲೇ ಇವೆ. ಅವು ಇನ್ನೊಂದು ಸಂಚಿಕೆಗಿರಲಿ. ಮನೆಯಲ್ಲಿ ಈಗಾಗಲೇ ಇರುವ ಪ್ಲೇಯರನ್ನು ಸರಿಯಾಗಿ ಹಾಡಿಸುವುದು ಹೇಗೆ ಅನ್ನುವ ಪತ್ರಗಳನ್ನಷ್ಟೇ ಈ ಸಲ ಆರಿಸಿದ್ದೇನೆ. ಇವುಗಳಲ್ಲಿ ಹೆಚ್ಚಿನವು ದುಡ್ಡು ಬಿಚ್ಚದೆಯೇ ಸರಿಹೋಗುವ ತೊಂದರೆಗಳು. ಪರ್ಸಿಗೆ ಕೈ ಹಾಕುವ ಮುಂಚೆ ಸೂಜಿಗೆ, ತೂಕಕ್ಕೆ, ವೈರಿಗೆ ಕೈ ಹಾಕಿ.

ಸರ್, ಹೊಸ ಟರ್ನ್‌ಟೇಬಲ್ ತರಿಸಿ ಹೋಮ್ ಥಿಯೇಟರ್‌ನ ಆಕ್ಸ್‌ಗೆ ಚುಚ್ಚಿದೆ. ಹಾಡು ಪಕ್ಕದ ಮನೆಯಲ್ಲಿ ಬರುತ್ತಿರುವ ಹಾಗಿದೆ. ವಾಲ್ಯೂಮ್ ಪೂರ್ತಿ ಏರಿಸಿದರೂ ಅಷ್ಟೇ. ಮೃದಂಗದ ಎಡದ ನಾದ ಕೇಳಿಸುವುದೇ ಇಲ್ಲ. ಅಂಗಡಿಯವರು ಬದಲಾಯಿಸಿಕೊಡುವುದಿಲ್ಲ ಅನ್ನುತ್ತಿದ್ದಾರೆ. ಏನು ಮಾಡಲಿ?
— ಓದುಗರು, ಬಸವನಗುಡಿ, ಬೆಂಗಳೂರು

ಬದಲಾಯಿಸಿಕೊಟ್ಟಿದ್ದರೂ ಹೊಸದು ಇದೇ ಥರ ಹಾಡುತ್ತಿತ್ತು. ಪ್ಲೇಯರ್ ಕೆಟ್ಟಿಲ್ಲ. ಮಧ್ಯದಲ್ಲಿ ಇರಬೇಕಾದ ಒಂದು ಸಾಮಾನು ಇಲ್ಲ, ಅದಕ್ಕೆ ಫೋನೋ ಪ್ರೀ ಆಂಪ್ ಅನ್ನುತ್ತಾರೆ.

ಈಗಿನ ಪ್ಲೇಯರ್‌ಗಳಲ್ಲಿ ಬರುವ ಮ್ಯಾಗ್ನೆಟ್ ಕಾರ್ಟ್ರಿಜ್ (ಸೂಜಿ ಕೂತಿರುವ, ಅದರ ನಡುಕವನ್ನು ಸಿಗ್ನಲ್ ಮಾಡುವ ಪುಟ್ಟ ಡಬ್ಬಿ) ಹುಟ್ಟಿಸುವುದು 3ರಿಂದ 5 ಮಿಲಿವೋಲ್ಟ್ ಅಷ್ಟೇ. ಸಿಡಿ ಪ್ಲೇಯರ್ ಕೊಡುವುದು 2 ವೋಲ್ಟ್ ಆಸುಪಾಸು. ಅಂದರೆ ಆಕ್ಸ್ ನಿರೀಕ್ಷಿಸುವ ಸಿಗ್ನಲ್ಲಿನ ಕೆಲವು ನೂರರಲ್ಲಿ ಒಂದು ಪಾಲು. ಇನ್ನು ಮೃದಂಗದ ವಿಷಯ. ರೆಕಾರ್ಡ್ ಕೊರೆಯುವಾಗ ಕೆಳಗಿನ ಸ್ವರಗಳನ್ನು ಬೇಕಂತಲೇ ತಗ್ಗಿಸುತ್ತಾರೆ, ಇಲ್ಲದಿದ್ದರೆ ಗೆರೆ ಅಗಲವಾಗಿ ಓಲಾಡಿ ಒಂದು ಬದಿಯಲ್ಲಿ 20 ನಿಮಿಷದ ಸಂಗೀತ ಹಿಡಿಸುವುದೇ ಇಲ್ಲ. ಮೇಲಿನ ಸ್ವರಗಳನ್ನು ಏರಿಸಿರುತ್ತಾರೆ. ಕೇಳುವಾಗ ಇದನ್ನು ತಿರುವುಮುರುವು ಮಾಡಬೇಕು: ಕೆಳಗಿನದನ್ನು ಎತ್ತಿ, ಮೇಲಿನದನ್ನು ಇಳಿಸಬೇಕು. ಮೇಲಿನದು ಇಳಿದಾಗ ಅದರ ಜೊತೆ ಚರಚರ ಸದ್ದೂ ಇಳಿಯುತ್ತದೆ, ಅದೇ ಇದರಲ್ಲಿರುವ ಜಾಣತನ. ಈ ಏರಿಳಿತದ ಲೆಕ್ಕವನ್ನು ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘ 1954ರಲ್ಲಿ ಗೊತ್ತುಮಾಡಿತು. ಅದರ ಹೆಸರಿನಲ್ಲೇ ಆರ್‌ಐಎಎ ಕರ್ವ್ ಅಂತ ಕರೆಯುತ್ತಾರೆ. 20 ಹರ್ಟ್ಸ್‌ನಲ್ಲಿ ಸುಮಾರು 20 ಡೆಸಿಬೆಲ್ ಎತ್ತಬೇಕು, 20,000 ಹರ್ಟ್ಸ್‌ನಲ್ಲಿ ಅಷ್ಟೇ ಇಳಿಸಬೇಕು. ಈ ಕೆಲಸ ಮಾಡುವುದು ಪ್ರೀ ಆಂಪ್. ಅದಿಲ್ಲದೆ ಸುಮ್ನೆ ವಾಲ್ಯೂಮ್ ಏರಿಸಿದರೆ ಎಡದ ನಾದ ಬರುವುದಿಲ್ಲ.

ಪ್ಲೇಯರಿನ ಬೆನ್ನ ಕಡೆ ನೋಡಿ. ಫೋನೋ, ಲೈನ್ ಅಂತ ಬರೆದ ಪುಟ್ಟ ಸ್ವಿಚ್ ಇದೆಯಾ? ಇದ್ದರೆ ಪ್ರೀ ಆಂಪ್ ಒಳಗೇ ಇದೆ, ಲೈನ್ ಕಡೆಗೆ ತಳ್ಳಿ, ಕೆಲಸ ಮುಗಿಯಿತು. ಸ್ವಿಚ್ ಇಲ್ಲದಿದ್ದರೆ ಹೊರಗಿನಿಂದ ಒಂದು ಚಿಕ್ಕ ಪ್ರೀ ಆಂಪ್ ತರಬೇಕು, ದುಬಾರಿಯದೇ ಆಗಬೇಕಂತಿಲ್ಲ. ಹಳೇ ಆಂಪ್ಲಿಫೈಯರ್ ಇರುವವರು ಅದರ ಹಿಂದೆ ಫೋನೋ ಅಂತ ಬರೆದ ತೂತುಗಳಿವೆಯಾ ಹುಡುಕಿ. ಅಲ್ಲಿಗೆ ಚುಚ್ಚುವಾಗ ಪ್ಲೇಯರಿನ ಸ್ವಿಚ್ ಫೋನೋ ಕಡೆಗೇ ಇರಲಿ. ಎರಡೂ ಕಡೆ ಪ್ರೀ ಆಂಪ್ ಆದರೆ ಧ್ವನಿ ಒಡೆದು ಕಿರುಚುತ್ತದೆ. ಆ ದೂರು ಹೊತ್ತ ಪತ್ರಗಳೂ ಬಂದಿವೆ, ಅವರಿಗೂ ಉತ್ತರ ಇದೇ.

ಹಾಡಿನ ಜೊತೆ "ಗುಂಯ್" ಅಂತ ಒಂದೇ ಸಮನೆ ಸದ್ದು ಬರುತ್ತದೆ ರೀ. ಹಾಡು ನಿಂತರೂ ಅದು ನಿಲ್ಲುವುದಿಲ್ಲ. ತಂಬೂರಿ ಅಂದುಕೊಂಡು ಕೇಳಿ ಅಂತ ಮನೆಯವರು ಚೇಷ್ಟೆ ಮಾಡುತ್ತಾರೆ.
— ಓದುಗರು, ಹುಬ್ಬಳ್ಳಿ

ನಿಮ್ಮ ಮನೆಯವರ ಕಿವಿ ಚೆನ್ನಾಗಿದೆ. ಅದು ನಮ್ಮ ಕರೆಂಟಿನ 50 ಹರ್ಟ್ಸ್ ಮತ್ತು ಅದರ ಮೇಲಿನ 100 ಹರ್ಟ್ಸ್. ಶ್ರುತಿ ಬದ್ಧವಾಗಿಯೇ ಇರುತ್ತದೆ, ಆದರೆ ಯಾರ ಹಾಡಿಗೂ ಹೊಂದುವುದಿಲ್ಲ.

ಪ್ಲೇಯರಿನ ಹಿಂದೆ ಎರಡು ಆರ್‌ಸಿಎ ವೈರುಗಳ (ಹಾಡಿನ ಸಿಗ್ನಲ್ ಒಯ್ಯುವವು) ಜೊತೆ ಮೂರನೆಯ ಒಂದು ತೆಳ್ಳನೆಯ ವೈರ್ ಜೋತಾಡುತ್ತಿರಬಹುದು, ತುದಿಯಲ್ಲಿ ಕವಲೊಡೆದ ಚಿಕ್ಕ ತಗಡು ಇರುತ್ತದೆ. ಸುಮಾರು ಜನ ಅದು ಯಾವುದಕ್ಕೂ ಬೇಡದ್ದು ಅಂತ ಸುತ್ತಿ ಹಿಂದೆ ತಳ್ಳುತ್ತಾರೆ. ಅದೇ ಗ್ರೌಂಡ್ ವೈರ್. ಆಂಪ್ಲಿಫೈಯರಿನ ಅಥವಾ ಪ್ರೀ ಆಂಪಿನ ಹಿಂದೆ ಜಿಎನ್‌ಡಿ ಅಂತ ಬರೆದ ಸ್ಕ್ರೂ ಇರುತ್ತದೆ, ಅದಕ್ಕೆ ಸಿಕ್ಕಿಸಿ ಬಿಗಿ ಮಾಡಿ. ಹತ್ತರಲ್ಲಿ ಏಳೆಂಟು ಮನೆಗಳಲ್ಲಿ ಗುಂಯ್ ಅಲ್ಲಿಗೇ ನಿಲ್ಲುತ್ತದೆ ಅನ್ನುವುದು ನನ್ನ ಅಂದಾಜು.

ನಿಲ್ಲದಿದ್ದರೆ ಟೋನ್ ಆರ್ಮಿನ, ಅಂದರೆ ಸೂಜಿಯನ್ನು ಹೊತ್ತ ತೋಳಿನ, ಲೋಹದ ಭಾಗವನ್ನು ಬೆರಳಲ್ಲಿ ಮುಟ್ಟಿ ನೋಡಿ. ಮುಟ್ಟಿದಾಗ ಸದ್ದು ಕಡಿಮೆಯೋ ಜಾಸ್ತಿಯೋ ಆದರೆ ಗ್ರೌಂಡ್ ಎಲ್ಲೋ ಕಡಿದಿದೆ ಅಂತಲೇ ಅರ್ಥ. ಮುಟ್ಟಿದರೂ ಏನೂ ಆಗದಿದ್ದರೆ ಸಂಶಯ ಅಕ್ಕಪಕ್ಕದ ಮೇಲೆ ಹೋಗಬೇಕು: ಪ್ಲೇಯರನ್ನು ಆಂಪ್ಲಿಫೈಯರಿನ ತಲೆಯ ಮೇಲೆ ಇಟ್ಟಿದ್ದೀರಾ? ವೈಫೈ ಡಬ್ಬಿ, ಮೊಬೈಲ್ ಚಾರ್ಜರ್, ಯುಪಿಎಸ್ ಪಕ್ಕದಲ್ಲೇ ಇವೆಯಾ? ಕರೆಂಟಿನ ವೈರೂ ಆರ್‌ಸಿಎ ವೈರೂ ಒಂದೇ ಗಂಟಿನಲ್ಲಿ ಸೇರಿವೆಯಾ? ಎಲ್ಲವನ್ನೂ ಒಂದು ಮೊಳ ದೂರ ಸರಿಸಿ ಕೇಳಿ. ಒಂದು ವಿಷಯ ಗಟ್ಟಿಯಾಗಿ ಹೇಳುತ್ತೇನೆ, ಗುಂಯ್ ನಿಲ್ಲಿಸಲು ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ಥ್ ಪಿನ್ ಕೀಳುವ ಬುದ್ಧಿವಂತಿಕೆ ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ, ಅದು ಸದ್ದಿನ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ.

ಸೂಜಿ ಪದೇ ಪದೇ ಹಾರುತ್ತದೆ. ಪಲ್ಲವಿಯಿಂದ ನೇರ ಎರಡನೇ ಚರಣಕ್ಕೆ! ಗೆಳೆಯರೊಬ್ಬರು ಸೂಜಿಯ ತಲೆಯ ಮೇಲೆ ಒಂದು ರೂಪಾಯಿ ನಾಣ್ಯ ಅಂಟಿಸು ಅಂದರು. ಅಂಟಿಸಿದೆ, ಹಾರುವುದು ನಿಂತಿತು. ಆದರೆ ಇದು ಸರಿಯಾ?
— ಓದುಗರು, ಧಾರವಾಡ

ಮೊದಲು ನಾಣ್ಯ ತೆಗೆಯಿರಿ, ಆಮೇಲೆ ಮುಂದೆ ಓದಿ.

ನಮ್ಮ ಒಂದು ರೂಪಾಯಿ ನಾಣ್ಯ 3 ಗ್ರಾಂಗಿಂತ ಜಾಸ್ತಿ ತೂಗುತ್ತದೆ. ಈಗಿನ ಕಾರ್ಟ್ರಿಜ್‌ಗಳಿಗೆ ಬೇಕಾದ ಒಟ್ಟು ತೂಕವೇ ಎಷ್ಟು ಗೊತ್ತಾ? ಜನ ಜಾಸ್ತಿ ಕೊಳ್ಳುವ ಆಡಿಯೋ ಟೆಕ್ನಿಕಾದ ವಿಎಂ95ಇಗೆ 2 ಗ್ರಾಂ, ಆರ್ಟೋಫೋನ್ 2ಎಂ ರೆಡ್‌ಗೆ 1.8 ಗ್ರಾಂ. ಅಗ್ಗದ ಪ್ಲೇಯರ್‌ಗಳಲ್ಲಿ ಬರುವ ಎಟಿ3600ಎಲ್ ಮಾತ್ರ 3.5 ಗ್ರಾಂ ಕೇಳುತ್ತದೆ. ನಾಣ್ಯ ಕೂತರೆ ಎರಡು ಮೂರು ಪಟ್ಟು ಭಾರ ಕೂದಲೆಳೆಯಷ್ಟು ವಜ್ರದ ಮೊನೆಯ ಮೇಲೆ ಬೀಳುತ್ತದೆ. ಹಾರುವುದು ನಿಲ್ಲುತ್ತದೆ ನಿಜ. ಆದರೆ ಗೆರೆ ಸವೆಯುತ್ತದೆ, ಸೂಜಿ ಕೂತಿರುವ ಸಣ್ಣ ಕಡ್ಡಿ ಬಾಗುತ್ತದೆ. ಸೂಜಿ ಹೋದರೆ ಇನ್ನೊಂದು ತರಬಹುದು, ಸವೆದ ರೆಕಾರ್ಡ್ ಮತ್ತೆ ಸರಿಯಾಗುವುದಿಲ್ಲ.

ಹಾಗಂತ ತೂಕ ಕಡಿಮೆಯಾದರೆ ಸೂಜಿಗೆ ಒಳ್ಳೆಯದು ಅನ್ನುವ ನಂಬಿಕೆಯೂ ತಪ್ಪು. ಕಡಿಮೆ ತೂಕದ ಸೂಜಿ ಗೆರೆಯಲ್ಲಿ ಕೂರದೆ ಎರಡೂ ಗೋಡೆಗಳಿಗೆ ಬಡಿದುಕೊಳ್ಳುತ್ತದೆ, ಅದೂ ಗಾಯ ಮಾಡುತ್ತದೆ. ಕಂಪನಿ ಎಷ್ಟು ಹೇಳಿದೆಯೋ ಅಷ್ಟು ಇಡಿ. ಅದಕ್ಕೆ ಆರ್ಮಿನ ಹಿಂಬದಿಯಲ್ಲಿ ತಿರುಗಿಸುವ ಗುಂಡು ಇರುತ್ತದೆ, ಕೌಂಟರ್‌ವೇಟ್. ಮೊದಲು ಆಂಟಿಸ್ಕೇಟ್ ಗುಂಡಿಯನ್ನು ಸೊನ್ನೆಗೆ ತನ್ನಿ. ಸೂಜಿಯ ಮುಚ್ಚಳ ತೆಗೆದು, ಆರ್ಮನ್ನು ಕೊಕ್ಕೆಯಿಂದ ಬಿಡಿಸಿ, ಎತ್ತುವ ಲಿವರ್ ಕೆಳಗಿಳಿಸಿ, ಸೂಜಿ ಎಲ್ಲೂ ತಾಗದ ಹಾಗೆ ಕೈಯಲ್ಲಿ ಹಗುರಕ್ಕೆ ಹಿಡಿದುಕೊಂಡು ಗುಂಡನ್ನು ಹಿಂದೆ ಮುಂದೆ ತಿರುಗಿಸುತ್ತಾ ಬನ್ನಿ. ಒಂದು ಹಂತದಲ್ಲಿ ಆರ್ಮ್ ಮೇಲೂ ಹೋಗದೆ ಕೆಳಗೂ ಬೀಳದೆ ತಕ್ಕಡಿಯ ಹಾಗೆ ಸಮನಾಗಿ ತೇಲುತ್ತದೆ. ಅದೇ ಸೊನ್ನೆ. ಆರ್ಮನ್ನು ಮತ್ತೆ ಕೊಕ್ಕೆಗೆ ಸಿಕ್ಕಿಸಿ, ಗುಂಡು ಅಲುಗದ ಹಾಗೆ ಹಿಡಿದು ಅದರ ಮುಂದಿರುವ ಅಂಕಿಯ ಬಳೆಯನ್ನಷ್ಟೇ ತಿರುಗಿಸಿ ಸೊನ್ನೆಗೆ ತನ್ನಿ. ಆಮೇಲೆ ಗುಂಡು, ಬಳೆ ಎರಡನ್ನೂ ಒಟ್ಟಿಗೆ ತಿರುಗಿಸಿ 2 ಬರುವ ತನಕ ತಂದರೆ 2 ಗ್ರಾಂ. ಕೊನೆಗೆ ಆಂಟಿಸ್ಕೇಟನ್ನೂ 2ಕ್ಕೆ ಇಡಿ. ತಿರುಗುವ ರೆಕಾರ್ಡ್ ಆರ್ಮನ್ನು ಒಳಗಡೆಗೆ ಎಳೆಯುತ್ತಿರುತ್ತದೆ, ಆ ಎಳೆತವನ್ನು ತಡೆಯುವುದೇ ಇದರ ಕೆಲಸ. ನಿಮ್ಮ ಸೂಜಿ ಮುಂದಕ್ಕೇ ಹಾರುತ್ತಿದೆ ಅಂದರೆ ಇದು ಸೊನ್ನೆಯಲ್ಲಿ ಕೂತಿರುವ ಸಾಧ್ಯತೆ ಇದೆ. ಅನುಮಾನ ಇದ್ದರೆ ಆನ್‌ಲೈನ್‌ನಲ್ಲಿ ಸಿಗುವ ಪುಟ್ಟ ಡಿಜಿಟಲ್ ಸ್ಟೈಲಸ್ (ಸೂಜಿ) ತಕ್ಕಡಿ ತರಿಸಿ. ಈ ಹವ್ಯಾಸದಲ್ಲಿ ಖರ್ಚು ಮಾಡಿದ್ದಕ್ಕೆ ಪೂರ್ತಿ ಬೆಲೆ ಬರುವ ಸಾಮಾನು ಅದು.

ತೂಕ ಸರಿ ಇದ್ದೂ ಹಾರಿದರೆ? ಪ್ಲೇಯರ್ ಕೂತ ಮೇಜು ಮಟ್ಟವಾಗಿದೆಯಾ ಅಂತ ಗಾರೆಯವರ ಮಟ್ಟಗೋಲು ಇಟ್ಟು ನೋಡಿ. ಸೂಜಿಗೆ ಧೂಳಿನ ಉಂಡೆ ಕಟ್ಟಿರಬಹುದು, ಮೆತ್ತನೆ ಬ್ರಷ್‌ನಿಂದ ಹಿಂದಿನಿಂದ ಮುಂದಕ್ಕೆ ಮಾತ್ರ ಒರೆಸಿ, ಅಡ್ಡಡ್ಡ ಬೇಡ. ಒಂದೇ ರೆಕಾರ್ಡಿನ ಒಂದೇ ಜಾಗದಲ್ಲಿ ಹಾರಿದರೆ ಗೀರು ಆ ರೆಕಾರ್ಡಿನದು. ನಡೆದಾಡಿದಾಗ ಹಾರಿದರೆ ನೆಲದ್ದು. ಸಿಮೆಂಟು, ರೆಡ್ ಆಕ್ಸೈಡ್ ನೆಲದಲ್ಲಿ ಈ ತೊಂದರೆ ಕಡಿಮೆ. ಹಲಗೆಯ ಮಹಡಿ ಇರುವ ಮಲೆನಾಡಿನ ಮನೆಗಳಲ್ಲಿ ಗೋಡೆಗೆ ಹೊಡೆದ ಗಟ್ಟಿ ಶೆಲ್ಫ್‌ನಲ್ಲಿ ಇಡುವುದೇ ಪರಿಹಾರ.

ಮಗ ಅಮೆರಿಕದಿಂದ ಬರುವಾಗ ಒಂದು ಹಳೇ ಟರ್ನ್‌ಟೇಬಲ್ ಹೊತ್ತು ತಂದ. 110 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಕೊಂಡು ಹಾಕಿದೆವು. ಹಾಡುತ್ತದೆ, ಆದರೆ ಹಾಡುವವರೆಲ್ಲ ಜ್ವರ ಬಂದು ಮಲಗಿ ಎದ್ದವರ ಥರ ಹಾಡುತ್ತಾರೆ. ಹೆಣ್ಣು ಧ್ವನಿ ಗಂಡು ಧ್ವನಿ ಆಗಿದೆ. ಮೋಟಾರ್ ಕೆಟ್ಟಿದೆಯಾ?
— ಓದುಗರು, ಶಿವಮೊಗ್ಗ

ಮೋಟಾರ್ ಸರಿಯಾಗೇ ಇದೆ, ಹೇಳಿದ ಮಾತು ಕೇಳುತ್ತಿದೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಕರೆಂಟಿನ ಫ್ರೀಕ್ವೆನ್ಸಿ ಬದಲಿಸುವುದಿಲ್ಲ. ಅಲ್ಲಿ 60 ಹರ್ಟ್ಸ್, ಇಲ್ಲಿ 50. ಹಳೇ ಎಸಿ ಮೋಟಾರುಗಳು ಈ ಹರ್ಟ್ಸ್ ಲೆಕ್ಕದಲ್ಲೇ ತಿರುಗುತ್ತವೆ. ಹಾಗಾಗಿ ನಿಮಿಷಕ್ಕೆ 33⅓ ಸುತ್ತಬೇಕಾದದ್ದು 28ಕ್ಕಿಂತ ಸ್ವಲ್ಪ ಕಡಿಮೆ ಸುತ್ತುತ್ತಿದೆ. ಸಂಗೀತದ ಲೆಕ್ಕದಲ್ಲಿ ಸುಮಾರು ಮೂರು ಮನೆ ಇಳಿದ ಹಾಗೆ. ಹಾರ್ಮೋನಿಯಂ ಇದ್ದರೆ ನೋಡಿ, ಕಪ್ಪು ಒಂದರ ಶ್ರುತಿಯಲ್ಲಿ ಹಾಡಿದವರು ಕೆಳಗಿನ ಕಪ್ಪು ಐದಕ್ಕೆ ಬಂದು ಕೂತಿರುತ್ತಾರೆ. ಜ್ವರ ಬಂದ ಹಾಗೆ ಕೇಳದೆ ಇನ್ನೇನು, ಅಲ್ವಾ?

ದಾರಿ ಇದೆ. ಬೆಲ್ಟ್ ಪ್ಲೇಯರ್ ಆದರೆ ಮೋಟಾರಿನ ತಲೆಯ ಮೇಲಿರುವ ಪುಟ್ಟ ಪುಲ್ಲಿ ಬದಲಿಸಬೇಕು. 50 ಹರ್ಟ್ಸಿನ ಪುಲ್ಲಿ ಅದೇ ಅನುಪಾತದಲ್ಲಿ ದಪ್ಪ ಇರುತ್ತದೆ. ಹೆಸರಾಂತ ಮಾದರಿಗಳಿಗೆ ಆನ್‌ಲೈನ್‌ನಲ್ಲಿ ಸಿಗುತ್ತದೆ. ಸಿಗದಿದ್ದರೆ ಹಳೆಯ ಪುಲ್ಲಿಯನ್ನು ಅಳತೆಗೆ ಕೊಟ್ಟು, ದಪ್ಪ ಐದಕ್ಕೆ ಆರರ ಲೆಕ್ಕದಲ್ಲಿ ಜಾಸ್ತಿ ಇರಲಿ ಅಂತ ಹೇಳಿ ಒಳ್ಳೆಯ ಲೇತ್ ಕೆಲಸದವರ ಹತ್ತಿರ ಹಿತ್ತಾಳೆಯಲ್ಲಿ ಮಾಡಿಸಬಹುದು. ಶಿವಮೊಗ್ಗದಲ್ಲಿ ಲೇತ್‌ಗೇನು ಬರವಿಲ್ಲ.

ಹೊರಗಿನಿಂದ ತರಿಸುವವರು ಮೊದಲೇ ಲೇಬಲ್ ಓದಿ. ಅಡಾಪ್ಟರ್ ಇರುವ ಹೊಸ ಪ್ಲೇಯರ್ ಆಗಿದ್ದು, ಅದರ ಮೇಲೆ 100–240 ವೋಲ್ಟ್ ಅಂತಲೂ ಔಟ್‌ಪುಟ್ ಎದುರು ಡಿಸಿ ಅಂತಲೂ ಇದ್ದರೆ ಪಿನ್ ಬದಲಿಸಿ ಹಾಕಿದರೆ ಸಾಕು. ಟೆಕ್ನಿಕ್ಸ್ ಎಸ್‌ಎಲ್-1200 ಥರದ ಡೈರೆಕ್ಟ್ ಡ್ರೈವ್ (ಬೆಲ್ಟ್ ಇಲ್ಲದೆ ಮೋಟಾರೇ ನೇರವಾಗಿ ತಿರುಗಿಸುವ) ಪ್ಲೇಯರಿಗೆ ವೋಲ್ಟೇಜ್ ಮಾತ್ರ ಸರಿ ಮಾಡಿದರಾಯಿತು, ವೇಗವನ್ನು ಅದು ತಾನೇ ನೋಡಿಕೊಳ್ಳುತ್ತದೆ. 120 ವೋಲ್ಟ್ ಅಂತ ಮಾತ್ರ ಬರೆದಿದ್ದನ್ನು ನೇರವಾಗಿ ನಮ್ಮ 230ಕ್ಕೆ ಚುಚ್ಚಿದರೆ ಹೊಗೆ ಬರುತ್ತದೆ, ಹಾಡು ಬರುವುದಿಲ್ಲ.

ಅಜ್ಜನ ಕಾಲದ ಸೂಟ್‌ಕೇಸ್ ಥರದ ಪ್ಲೇಯರ್ ಅಟ್ಟದಲ್ಲಿ ಸಿಕ್ಕಿತು. ತಿರುಗುತ್ತದೆ, ಆದರೆ ಒಮ್ಮೆ ಬೇಗ, ಒಮ್ಮೆ ನಿಧಾನ. ಕೊಬ್ಬರಿ ಎಣ್ಣೆ ಬಿಟ್ಟು ನೋಡಲಾ?
— ಓದುಗರು, ಸಾಗರ

ಬೇಡವೇ ಬೇಡ. ಕೊಬ್ಬರಿ ಎಣ್ಣೆ ಚಳಿಗಾಲದಲ್ಲಿ ಬಾಟಲಿಯಲ್ಲೇ ಗಟ್ಟಿಯಾಗುತ್ತದೆ, ಮೋಟಾರಿನೊಳಗೆ ಆಗದೆ ಇರುತ್ತದೆಯೇ? ಅಷ್ಟು ವರ್ಷ ಕೂತ ಯಂತ್ರದಲ್ಲಿ ಮೊದಲಿನ ಎಣ್ಣೆಯೇ ಒಣಗಿ ಅಂಟಾಗಿರುತ್ತದೆ. ಅದನ್ನು ಸ್ಪಿರಿಟ್ ಹಾಕಿದ ಹತ್ತಿಯಿಂದ ಒರೆಸಿ ತೆಗೆದು, ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ ಬಿಡಿ. ಮಧ್ಯದ ಕಂಬಿ ಕೂರುವ ತೂತಿಗೆ ಒಂದು, ಮೋಟಾರಿನ ಬೇರಿಂಗಿಗೆ ಒಂದು. ರಬ್ಬರಿಗೆ ಎಣ್ಣೆ ತಾಗಬಾರದು.

ಪ್ಲ್ಯಾಟರ್ (ರೆಕಾರ್ಡ್ ಕೂರುವ ತಿರುಗುವ ತಟ್ಟೆ) ಎತ್ತಿ ನೋಡಿದರೆ ಕೆಳಗೆ ಒಂದೋ ಬೆಲ್ಟ್ ಇರುತ್ತದೆ, ಇಲ್ಲಾ ಒಂದು ರಬ್ಬರ್ ಚಕ್ರ. ಏರಿಳಿತಕ್ಕೆ ಕಾರಣ ಬಹುಮಟ್ಟಿಗೆ ಅದೇ. ಬೆಲ್ಟ್ ಜೋತುಬಿದ್ದಿದ್ದರೆ ಅಥವಾ ಡಾಂಬರಿನ ಥರ ಕರಗಿದ್ದರೆ ಹೊಸದು ಬೇಕು. ಹಳೆಯದರ ಸುತ್ತಳತೆ ದಾರ ಹಿಡಿದು ಅಳೆದುಕೊಳ್ಳಿ, ಜೋತುಬಿದ್ದಿದ್ದನ್ನು ಅಳೆದರೆ ಜಾಸ್ತಿ ಬರುತ್ತದೆ, ಅದಕ್ಕೆ ತುಸು ಕಡಿಮೆಯದು ತನ್ನಿ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿಬರುವವರಿದ್ದರೆ ಅಳತೆ ಕೊಟ್ಟು ಕಳಿಸಿ, ಅಲ್ಲಿ ಸಿಗದಿದ್ದರೆ ಆನ್‌ಲೈನ್. ರಬ್ಬರ್ ಚಕ್ರ ಹೊಳಪಾಗಿದ್ದರೆ ನಯವಾದ ಉಪ್ಪುಕಾಗದದಿಂದ ಹಗುರಕ್ಕೆ ಉಜ್ಜಿ, ಹಿಡಿತ ಬರುತ್ತದೆ. ಒಂದು ಕಡೆ ಗುಳಿ ಬಿದ್ದಿದ್ದರೆ ಬದಲಿಸಲೇಬೇಕು, ಸುತ್ತಿಗೊಂದು "ದಬ್" ಅನ್ನುತ್ತಲೇ ಇರುತ್ತದೆ.

ವೇಗ ನೋಡಲು ಯಂತ್ರ ಬೇಡ. ರೆಕಾರ್ಡಿನ ಲೇಬಲ್ ಪಕ್ಕ ಒಂದು ಚೂರು ಕಾಗದ ಇಟ್ಟು, ಹಾಡು ಹಾಕಿ, ಗಡಿಯಾರ ನೋಡಿಕೊಂಡು 3 ನಿಮಿಷ ಎಣಿಸಿ. 33⅓ ಸರಿ ಇದ್ದರೆ 100 ಸುತ್ತು ಆಗಬೇಕು. ಹಾಡು ಹಾಕಿಯೇ ಎಣಿಸಿ, ಸೂಜಿಯ ಎಳೆತ ಇದ್ದಾಗಿನ ವೇಗವೇ ಲೆಕ್ಕಕ್ಕೆ ಬರುವುದು. ಒಂದೆರಡು ಸುತ್ತಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಇನ್ನೊಂದು. ಇಂಥ ಹಳೇ ಪ್ಲೇಯರ್‌ಗಳಲ್ಲಿ ಸಾಮಾನ್ಯವಾಗಿ ಸೆರಾಮಿಕ್ ಕಾರ್ಟ್ರಿಜ್ ಇರುತ್ತದೆ. ಅದರ ಸಿಗ್ನಲ್ಲೇ ಜೋರು, ಬಸವನಗುಡಿಯವರಿಗೆ ಹೇಳಿದ ಪ್ರೀ ಆಂಪ್ ಇದಕ್ಕೆ ಬೇಡ. ಹಾಗೆಯೇ ಅದರ ಸೂಜಿ ಭಾರವಾಗಿಯೇ ಕೂರುವಂಥದ್ದು. ಹೊಸದಾಗಿ ಕೊಂಡ ದುಬಾರಿ ಎಲ್‌ಪಿಗಳನ್ನು ಇದರಲ್ಲಿ ದಿನಾ ಹಾಕದಿರುವುದು ಒಳ್ಳೆಯದು.

ಅತ್ತೆಯವರ ತವರಿನಿಂದ ಒಂದು ಪೆಟ್ಟಿಗೆ ತುಂಬ 78ರ ಪ್ಲೇಟುಗಳು ಬಂದಿವೆ. ನಮ್ಮ ಪ್ಲೇಯರಿನಲ್ಲಿ 78ರ ವೇಗವೂ ಇದೆ. ಹಾಗೇ ಹಾಕಬಹುದಾ? ಮೇಲೆಲ್ಲ ಕಿಲುಬಿನ ಥರ ಇದೆ, ಸ್ಪಿರಿಟ್‌ನಲ್ಲಿ ಒರೆಸಲಾ?
— ಓದುಗರು, ಮೈಸೂರು

ಸ್ಪಿರಿಟ್ ಬಾಟಲಿ ಆ ಕೋಣೆಯಿಂದಲೇ ಆಚೆ ಹೋಗಲಿ! 78ರ ಪ್ಲೇಟುಗಳು ಪ್ಲಾಸ್ಟಿಕ್ಕಲ್ಲ, ಕಲ್ಲಿನ ಪುಡಿಯನ್ನು ಅರಗಿನಿಂದ ಹಿಡಿದು ಮಾಡಿದವು. ನಿಮ್ಮೂರಿನ ಹತ್ತಿರದ ಚನ್ನಪಟ್ಟಣದ ಗೊಂಬೆಗಳಿಗೆ ಬಣ್ಣ ಕೂರಿಸುವ ಅದೇ ಅರಗು. ಬಡಗಿಗಳು ಪಾಲಿಶ್ ಮಾಡಲು ಅರಗನ್ನು ಕರಗಿಸುವುದೇ ಸ್ಪಿರಿಟ್‌ನಲ್ಲಿ. ಒಂದು ಸಲ ಒರೆಸಿದರೆ ಹಾಡೂ ಕರಗಿ ಬಟ್ಟೆಗೆ ಬರುತ್ತದೆ. ಡಿಸ್ಟಿಲ್ಡ್ ನೀರಿನಲ್ಲಿ ಒದ್ದೆ ಮಾಡಿ ಹಿಂಡಿದ ಮೆತ್ತನೆ ಬಟ್ಟೆ ಸಾಕು. ಗೆರೆಯ ಜೊತೆಗೇ ಸುತ್ತಲೂ ಒರೆಸಿ, ತಕ್ಷಣ ಒಣ ಬಟ್ಟೆಯಲ್ಲಿ ನೀರು ತೆಗೆಯಿರಿ. ನೆನೆಹಾಕಬೇಡಿ. ಕೈ ಜಾರಿದರೆ ಗಾಜಿನ ಹಾಗೆ ಒಡೆಯುತ್ತವೆ, ಇದನ್ನು ಮನೆಯ ಮಕ್ಕಳಿಗೂ ಹೇಳಿಡಿ.

ವೇಗ ಇದ್ದ ಮಾತ್ರಕ್ಕೆ ಹಾಕುವ ಹಾಗಿಲ್ಲ. 78ರ ಗೆರೆ ಎಲ್‌ಪಿ ಗೆರೆಗಿಂತ ಸುಮಾರು ಮೂರು ಪಟ್ಟು ಅಗಲ. ಎಲ್‌ಪಿ ಸೂಜಿ ಅದರ ತಳಕ್ಕೆ ಇಳಿದು ಅಲ್ಲಿನ ಕಸವನ್ನೇ ಹಾಡಿಸುತ್ತದೆ, ತಾನೂ ಸವೆಯುತ್ತದೆ. 78ಕ್ಕೆ ಅಂತಲೇ ದಪ್ಪ ಮೊನೆಯ ಸೂಜಿ ಬರುತ್ತದೆ, 3 ಮಿಲ್ (ಮೊನೆಯ ದಪ್ಪದ ಅಳತೆ) ಅಂತ ಕೇಳಿ. ಕಾರ್ಟ್ರಿಜ್ ಬದಲಿಸಬೇಕಂತಿಲ್ಲ, ವಿಎಂ95 ಥರದವಕ್ಕೆ ಸೂಜಿಯ ಭಾಗ ಮಾತ್ರ ಕಳಚಿ ಹಾಕಬಹುದು. ಹಳೇ ಸೆರಾಮಿಕ್ ಕಾರ್ಟ್ರಿಜ್‌ಗಳಲ್ಲಿ ಒಂದು ಬದಿ ಎಲ್‌ಪಿಗೆ, ಒಂದು ಬದಿ 78ಕ್ಕೆ ಅಂತ ತಿರುಗಿಸುವ ಸೂಜಿ ಇರುತ್ತಿತ್ತು, ಎಷ್ಟು ಚೆಂದದ ಏರ್ಪಾಡು! ಕೀಲಿ ಕೊಡುವ ಕೊಂಬಿನ ಗ್ರಾಮಫೋನ್ ಇದ್ದರೆ ಅದರ ಉಕ್ಕಿನ ಮುಳ್ಳನ್ನು ಬದಿಗೊಂದು ಸಲ ಬದಲಿಸಬೇಕು. ಅದರಲ್ಲಿ ಎಲ್‌ಪಿ ಹಾಕಿದರೆ ಒಂದೇ ಸಲಕ್ಕೆ ಎಲ್‌ಪಿ ಮುಗಿಯಿತು.

ಇನ್ನು 78 ಅಂದರೆ ಯಾವಾಗಲೂ 78 ಅಲ್ಲ. ತೀರಾ ಹಳೆಯ ಪ್ಲೇಟುಗಳು 70ರ ಆಸುಪಾಸಿನಿಂದ 80ರ ಆಚೆಗೂ ಬೇರೆ ಬೇರೆ ವೇಗದಲ್ಲಿ ಮುದ್ರಣವಾಗಿವೆ. ಧ್ವನಿ ತೀರಾ ಕೀರಲಾಗಿ ಕೇಳಿದರೆ ನಿಮ್ಮ ಪ್ಲೇಯರನ್ನು ಬೈಯಬೇಡಿ. ಪಿಚ್ ಬದಲಿಸುವ ಗುಂಡಿ ಇದ್ದರೆ ಶ್ರುತಿ ಪೆಟ್ಟಿಗೆ ಪಕ್ಕದಲ್ಲಿಟ್ಟುಕೊಂಡು ಹೊಂದಿಸಿ, ಕಿವಿ ಒಪ್ಪುವ ಜಾಗ ಸಿಗುತ್ತದೆ.

ಲೇಬಲ್‌ಗಳನ್ನು ಒಂದೊಂದಾಗಿ ಓದಿ, ದಯವಿಟ್ಟು. ಮೈಸೂರಿನ ಪೆಟ್ಟಿಗೆ ಅಂದಮೇಲೆ ನನಗೆ ಆಸೆ ಜಾಸ್ತಿ. 1902ರಲ್ಲಿ ಕಲ್ಕತ್ತದಲ್ಲಿ ಭಾರತದ ಮೊದಮೊದಲ ಗ್ರಾಮಫೋನ್ ರೆಕಾರ್ಡುಗಳಿಗೆ ಹಾಡಿದ ಗೌಹರ್ ಜಾನ್ ಕೊನೆಗಾಲವನ್ನು ಕಳೆದದ್ದು ನಿಮ್ಮೂರಿನಲ್ಲೇ, ಅರಮನೆಯ ಆಶ್ರಯದಲ್ಲಿ. 1930ರಲ್ಲಿ ತೀರಿಕೊಂಡದ್ದೂ ಅಲ್ಲೇ. ಹಾಡಿನ ಕೊನೆಯಲ್ಲಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುವ ಹೆಣ್ಣು ಧ್ವನಿ ಕೇಳಿದರೆ ನನಗೊಂದು ಪತ್ರ ಬರೆಯಿರಿ. ಹಾಗಂತ ಪೆಟ್ಟಿಗೆಯಲ್ಲಿರುವುದೆಲ್ಲ ಅಷ್ಟು ಹಳೆಯದು ಅಂದುಕೊಳ್ಳುವುದೂ ಬೇಡ. ನಮ್ಮಲ್ಲಿ 1960ರ ದಶಕದಲ್ಲೂ 78 ಬರುತ್ತಲೇ ಇತ್ತು, ಬೀಟಲ್ಸ್ ಹಾಡುಗಳನ್ನೂ ಭಾರತದಲ್ಲಿ ಅರಗಿನ ಪ್ಲೇಟಿನಲ್ಲಿ ತಂದಿದ್ದರು.

ಮಳೆಗಾಲ ಮುಗಿಯುವಷ್ಟರಲ್ಲಿ ಎಲ್‌ಪಿಗಳ ಮೇಲೆ ಬಿಳಿ ಬೂಷ್ಟು. ಒರೆಸಿದರೂ ಚರಚರ ಹೋಗುವುದಿಲ್ಲ. ಬಿಸಿಲಿಗೆ ಇಟ್ಟರೆ ಹೇಗೆ?
— ಓದುಗರು, ಪುತ್ತೂರು

ಹಪ್ಪಳವಲ್ಲ, ಬಿಸಿಲು ಬೇಡ. ಎಲ್‌ಪಿಯ ವಿನೈಲ್ ಪ್ಲಾಸ್ಟಿಕ್ ಬಿಸಿಲಿಗೆ ಡೊಂಕಾಗುತ್ತದೆ, ಮತ್ತೆ ನೆಟ್ಟಗೆ ಮಾಡುವುದು ಕಷ್ಟ. ಮಧ್ಯಾಹ್ನದ ಕಾರಿನಲ್ಲಿ ಬಿಟ್ಟರೂ ಅದೇ ಗತಿ.

ಒಣ ಬಟ್ಟೆಯಲ್ಲಿ ಒರೆಸಿದರೆ ಬೂಷ್ಟು ಗೆರೆಯೊಳಗೆ ಇನ್ನೂ ಒತ್ತಿಕೊಳ್ಳುತ್ತದೆ. ತೊಳೆಯಲೇಬೇಕು. ಜಗಲಿಯಲ್ಲಿ ಕೂತು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಾಡಿ, ಆ ಪುಡಿ ಒಳಗೆ ಹೋದರೆ ಸೀನು ನಿಲ್ಲುವುದಿಲ್ಲ. ಡಿಸ್ಟಿಲ್ಡ್ ನೀರು ಬೇಕು, ಬ್ಯಾಟರಿಗೆ ಹಾಕಲು ಮಾರುತ್ತಾರಲ್ಲ ಆ ನೀರು (ಆಸಿಡ್ ಅಲ್ಲ, ಕೇಳಿ ತನ್ನಿ). ಪಾತ್ರೆ ತೊಳೆಯುವ ಲಿಕ್ವಿಡ್ ಅರ್ಧ ಲೀಟರಿಗೆ ಎರಡು ಮೂರು ಹನಿ, ಅದಕ್ಕಿಂತ ಜಾಸ್ತಿ ಹಾಕಿದರೆ ಸೋಪೇ ಹೊಸ ಕೊಳೆಯಾಗುತ್ತದೆ. ಮೆತ್ತನೆ ಬ್ರಷ್ ಅಥವಾ ಮೈಕ್ರೋಫೈಬರ್ ಬಟ್ಟೆಯಿಂದ ಗೆರೆಯ ಜೊತೆ ಸುತ್ತ ಸುತ್ತ ಉಜ್ಜಿ, ಮಧ್ಯದ ಲೇಬಲ್ಲಿಗೆ ನೀರು ತಾಗದಿರಲಿ, ಆಮೇಲೆ ಬರೀ ಡಿಸ್ಟಿಲ್ಡ್ ನೀರಿನಲ್ಲಿ ಇನ್ನೊಮ್ಮೆ. ಅಡಿಗೆ ಮನೆಯ ತಟ್ಟೆ ಸ್ಟ್ಯಾಂಡಿನಲ್ಲಿ ನೆರಳಲ್ಲಿ ಒಣಗಿಸಿ.

ಒಳಗಿನ ಕಾಗದದ ಹಳೇ ಕವರ್ ಮತ್ತೆ ಬಳಸಬೇಡಿ, ಬೂಷ್ಟಿನ ಬೀಜ ಅಲ್ಲೇ ಇರುತ್ತದೆ. ಹೊಸ ಕವರ್ ಹಾಕಿ, ರೆಕಾರ್ಡುಗಳನ್ನು ನಿಲ್ಲಿಸಿಯೇ ಇಡಿ. ಮಳೆ ಹೊಡೆಯುವ ಹೊರಗೋಡೆಗೆ ತಾಗಿದ ಕಪಾಟು ಬೇಡ. ಸಿಲಿಕಾ ಜೆಲ್ ಪೊಟ್ಟಣ ಒಳ್ಳೆಯದೇ, ಆದರೆ ಜೂನ್, ಜುಲೈನಲ್ಲಿ ಆಗಾಗ ಬದಲಿಸುತ್ತಿರಬೇಕು.

ಚಿಕ್ಕ ಪ್ರಶ್ನೆ: ಸ್ಪೀಕರ್, ಪ್ಲೇಯರ್ ಒಂದೇ ಮೇಜಿನ ಮೇಲೆ ಇಡಬಹುದಾ? ಸೂಜಿ ಎಷ್ಟು ದಿನ ಬರುತ್ತದೆ?
— ಓದುಗರು, ತುಮಕೂರು

ಇಡಬೇಡಿ. ಸ್ಪೀಕರಿನ ನಡುಕ ಸೂಜಿಗೆ ಹತ್ತಿ, ಅದು ಮತ್ತೆ ಸ್ಪೀಕರಿಗೆ ಹೋಗಿ "ಹೂಂ" ಅಂತ ಬೆಳೆಯುತ್ತಾ ಹೋಗುತ್ತದೆ. ಬೇರೆ ಜಾಗವೇ ಇಲ್ಲದಿದ್ದರೆ ಪ್ಲೇಯರಿನ ಕೆಳಗೆ ಒಂದು ಕಡಪ ಕಲ್ಲಿನ ತುಂಡು, ಅದರ ಕೆಳಗೆ ದಪ್ಪ ರಬ್ಬರ್. ಸೂಜಿ ದಿನದ ಲೆಕ್ಕದಲ್ಲಲ್ಲ, ಗಂಟೆಯ ಲೆಕ್ಕದಲ್ಲಿ ಸವೆಯುತ್ತದೆ. ಮೊನೆಯ ಆಕಾರ ನೋಡಿಕೊಂಡು 300ರಿಂದ 1000 ಗಂಟೆ. ದಿನಕ್ಕೊಂದು ಎಲ್‌ಪಿ ಕೇಳುವವರಿಗೆ ಸುಮಾರು ಒಂದೂಕಾಲು ವರ್ಷದಿಂದ ನಾಲ್ಕು ವರ್ಷದ ತನಕ ಬರುತ್ತದೆ. ಸೆಕೆಂಡ್ ಹ್ಯಾಂಡ್ ಪ್ಲೇಯರ್ ಕೊಂಡವರು ಮಾತ್ರ ಮೊದಲ ದಿನವೇ ಸೂಜಿ ಬದಲಿಸಿ. ಹಿಂದಿನವರು ಎಷ್ಟು ಓಡಿಸಿದ್ದರೋ ಯಾರಿಗೆ ಗೊತ್ತು.

ಪ್ರತಿ ಬದಿಯಲ್ಲೂ ಮೊದಲ ಹಾಡು ಸ್ವಚ್ಛ, ಕೊನೆಯ ಹಾಡು ಮಾತ್ರ ಒರಟು. ಸ, ಶ ಬಂದಾಗೆಲ್ಲ ಹಾವು ಬುಸುಗುಟ್ಟಿದ ಹಾಗೆ. ತೂಕ ಸರಿ ಇದೆ, ಸೂಜಿ ಹೊಸದು. ಮತ್ತೇನು?
— ಓದುಗರು, ದಾವಣಗೆರೆ

ಇಷ್ಟು ಗಮನವಿಟ್ಟು ಕೇಳುವವರು ಬಂದರೆ ಉತ್ತರ ಬರೆಯಲು ಖುಷಿ. ರೆಕಾರ್ಡ್ ತಿರುಗುವ ವೇಗ ಒಂದೇ, ಆದರೆ ಹೊರಗಿನ ಸುತ್ತು ದೊಡ್ಡದು, ಲೇಬಲ್ ಹತ್ತಿರದ ಸುತ್ತು ಚಿಕ್ಕದು. ಹೊರಗಡೆ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಗೆರೆ ಹಾಯುತ್ತದೆ, ಒಳಗೆ ಬಂದಾಗ 20ರ ಆಸುಪಾಸು. ಅಷ್ಟೇ ಹಾಡನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಒತ್ತಿ ಬರೆದಿರುತ್ತಾರೆ. ಸಕಾರದಂಥ ಚೂಪು ಸದ್ದುಗಳ ಅಲೆ ಅಲ್ಲಿ ತೀರಾ ಇಕ್ಕಟ್ಟಾಗುತ್ತದೆ. ಸೂಜಿ ಒಂದಿಷ್ಟು ಸೊಟ್ಟಗೆ ಕೂತಿದ್ದರೂ ಮೊದಲ ಹಾಡಿನಲ್ಲಿ ಗೊತ್ತಾಗದ ದೋಷ ಕೊನೆಯ ಹಾಡಿನಲ್ಲಿ ಬಯಲಾಗುತ್ತದೆ.

ಆ ಸೊಟ್ಟವನ್ನು ನೆಟ್ಟಗೆ ಮಾಡಬಹುದು. ಪ್ರೊಟ್ರಾಕ್ಟರ್ ಅಂತ ಒಂದು ನಕ್ಷೆ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಪ್ರಿಂಟ್ ಅಂಗಡಿಯಲ್ಲಿ "ಪುಟಕ್ಕೆ ಹೊಂದಿಸು" ಅಂತ ಒತ್ತಿಬಿಡುತ್ತಾರೆ, ಆಗ ಅಳತೆಯೇ ಕೆಡುತ್ತದೆ. 100 ಶೇಕಡಾದಲ್ಲೇ ತೆಗೆಸಿ, ಸ್ಕೇಲ್ ಹಿಡಿದು ನೋಡಿ. ಮಧ್ಯದ ತೂತಿನಿಂದ ಎರಡು ಚುಕ್ಕೆಗಳು 66 ಮಿ.ಮೀ., 121 ಮಿ.ಮೀ. ದೂರದಲ್ಲಿರುತ್ತವೆ, ಹೆಚ್ಚು ಬಳಕೆಯಲ್ಲಿರುವ ಅಳತೆ ಅದು. ಪ್ಲೇಯರ್ ಆಫ್ ಮಾಡಿ, ಕಾಗದವನ್ನು ಪ್ಲ್ಯಾಟರ್ ಮೇಲೆ ಕೂರಿಸಿ, ಸೂಜಿಯನ್ನು ಒಂದೊಂದು ಚುಕ್ಕೆಯ ಮೇಲೆ ಇಳಿಸಿ, ಮುಂದಿನಿಂದ ನೋಡಿ. ಕಾರ್ಟ್ರಿಜ್ ಅಲ್ಲಿನ ಗೆರೆಗಳಿಗೆ ಸಮಾನಾಂತರವಾಗಿ ನಿಲ್ಲಬೇಕು, ಎರಡೂ ಚುಕ್ಕೆಗಳಲ್ಲಿ. ಇಲ್ಲದಿದ್ದರೆ ಹೆಡ್‌ಶೆಲ್ಲಿನ (ಕಾರ್ಟ್ರಿಜ್ ಕೂತಿರುವ ಆರ್ಮಿನ ತುದಿ) ಎರಡು ಸ್ಕ್ರೂ ಸಡಿಲಿಸಿ ಕಾರ್ಟ್ರಿಜನ್ನು ಹಿಂದೆ ಮುಂದೆ ಸರಿಸಿ, ತುಸು ತಿರುಗಿಸಿ, ಮತ್ತೆ ನೋಡಿ. ಒಂದು ಕಡೆ ಸರಿಯಾದರೆ ಇನ್ನೊಂದು ಕಡೆ ತಪ್ಪುತ್ತದೆ, ತಾಳ್ಮೆ ಬೇಕು, ಸಂಜೆ ಸೀರಿಯಲ್ ಹೊತ್ತಿನಲ್ಲಿ ಕೂರಬೇಡಿ. ಈ ಕೆಲಸದಲ್ಲಿ ಹಿಂದಿನ ನಾಲ್ಕು ಸಣ್ಣ ವೈರುಗಳಲ್ಲಿ ಒಂದು ಕಳಚಿಕೊಂಡು ಒಂದು ಸ್ಪೀಕರ್ ಮೂಕಾದರೆ ಗಾಬರಿ ಬೇಡ. ಬಿಳಿ, ನೀಲಿ ಎಡಗಡೆಯವು. ಕೆಂಪು, ಹಸಿರು ಬಲಗಡೆಯವು. ಚಿಮುಟದಲ್ಲಿ ಹಿಡಿದು ಮತ್ತೆ ಸಿಕ್ಕಿಸಿ.

ಸ್ಕ್ರೂ ಬಿಗಿ ಮಾಡಿದ ಮೇಲೆ ತೂಕವನ್ನು ಇನ್ನೊಮ್ಮೆ ನೋಡಲೇಬೇಕು, ಕಾರ್ಟ್ರಿಜ್ ಸರಿದರೆ ತೂಕವೂ ಬದಲಾಗುತ್ತದೆ. ಇಷ್ಟು ಮಾಡಿದರೂ ಒಂದೇ ರೆಕಾರ್ಡಿನಲ್ಲಿ ಮಾತ್ರ ಬುಸುಗುಟ್ಟುವುದು ಉಳಿದರೆ, ಆ ರೆಕಾರ್ಡಿನ ಮೇಲೆ ಹಿಂದೆ ಯಾರೋ ನಾಣ್ಯ ಅಂಟಿಸಿದ ಸೂಜಿ ಓಡಿಸಿರಬೇಕು, ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ.